ಸ್ವಿಫ್ಟ್ ಕಾರಿಗೆ ಅದೇ ಬಣ್ಣದ ಹಳೆಯ ಬಾಗಿಲು ಹುಡುಕಿ ಹಾಕಿಸಿದರೆ ಪೇಂಟಿಂಗ್ ಖರ್ಚು ಉಳಿಯುತ್ತದೆಯೇ?

ಬಿಳಿ ಸ್ವಿಫ್ಟ್, ಎಡಗಡೆಯ ಮುಂದಿನ ಬಾಗಿಲು, ಗುಜರಿಯಲ್ಲಿ ಬಿಳಿಯದೇ ಸಿಕ್ಕರೆ ಪೇಂಟಿಂಗ್ ದುಡ್ಡು ಉಳಿಯಿತು ಎಂಬುದು ನಿಮ್ಮ ಲೆಕ್ಕ. ಕೆಲವು ವರ್ಷಗಳ ಹಿಂದೆ ನಾನೂ ಇದೇ ಲೆಕ್ಕ ಹಾಕಿದ್ದೆ. ಗೇಟಿನ ಕಲ್ಲುಕಂಬಕ್ಕೆ ತಾಗಿದ ನನ್ನ ಕಾರಿನ ಬಾಗಿಲಿನಲ್ಲಿ ಹೊರಗಿನ ತಗಡಷ್ಟೇ ಅಲ್ಲ, ಪಕ್ಕದಿಂದ ಬೀಳುವ ಪೆಟ್ಟನ್ನು ತಡೆಯಲು ಒಳಗೆ ಕೂರಿಸಿರುವ ಉಕ್ಕಿನ ಅಡ್ಡಕಂಬಿಯೂ ಬಾಗಿತ್ತು. ಅದನ್ನು ಬಡಿದು ನೇರ ಮಾಡಬಾರದು, ಬೇರೆ ಬಾಗಿಲು ತನ್ನಿ ಎಂದು ಟಿಂಕರಿಂಗ್ (ತಗಡು ರಿಪೇರಿ) ಮೇಸ್ತ್ರಿ ಹೇಳಿದರು. ಇದ್ದದ್ದು ಥರ್ಡ್ ಪಾರ್ಟಿ ವಿಮೆ ಮಾತ್ರ, ಅದರಲ್ಲಿ ಸ್ವಂತ ಕಾರಿನ ಹಾನಿಗೆ ಹಣ ಸಿಗುವುದಿಲ್ಲ. ಹಾಗಾಗಿ ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳ ಕಡೆ ಹೊರಟೆ.

ಅಂಗಡಿಯವರು ಯಾವ ವರ್ಷದ ಗಾಡಿ ಎಂದು ಕೇಳಿದರು. ಆರ್.ಸಿ. ಪುಸ್ತಕದಲ್ಲಿದ್ದ ನೋಂದಣಿ ದಿನಾಂಕವನ್ನು ನೋಡಿ 2011 ಎಂದೆ. ಅವರು ತೋರಿಸಿದ ಬಾಗಿಲು ಬಿಳಿಯದು, ಗಾಜು, ಅದನ್ನು ಏರಿಳಿಸುವ ಮೋಟಾರು ಎಲ್ಲವೂ ಇದ್ದದ್ದು, ಒಂದು ಗೀರೂ ಇಲ್ಲದ್ದು. ಬಣ್ಣ ಕಂಡ ಖುಷಿಯಲ್ಲಿ ಇನ್ನೇನನ್ನೂ ನೋಡದೆ ಹಣ ಕೊಟ್ಟೆ. ಆಗಿನ ಎಡವಟ್ಟನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮಗೂ ಅದೇ ಕಾದಿದೆ. ಸ್ವಿಫ್ಟ್ ಭಾರತದಲ್ಲಿ ಮೊದಲು ಬಂದದ್ದು 2005ರಲ್ಲಿ. ಎರಡನೆಯ ತಲೆಮಾರಿನ ಕಾರು ಬಂದದ್ದು 2011ರ ಆಗಸ್ಟ್‌ನಲ್ಲಿ. ಹೊಸದು ಹಳೆಯದರ ಹಾಗೆಯೇ ಕಾಣುತ್ತದೆಂದು ಆಗ ಎಲ್ಲರೂ ಆಡಿಕೊಂಡಿದ್ದರು. ಆದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2390 ಮಿಲಿಮೀಟರ್‌ನಿಂದ 2430ಕ್ಕೆ ಬೆಳೆದಿತ್ತು, ಮೈತಗಡೂ ಬೇರೆಯಾಗಿತ್ತು. ನನ್ನದು ಆ ಬದಲಾವಣೆಗೆ ಮುಂಚೆ ಕಾರ್ಖಾನೆಯಿಂದ ಹೊರಬಿದ್ದು, ಶೋರೂಮಿನಲ್ಲಿ ನಿಂತು, ರಿಯಾಯಿತಿಯಲ್ಲಿ ಮಾರಾಟವಾಗಿ, ತಡವಾಗಿ ನೋಂದಣಿಯಾದ ಹಳೆಯ ಆಕಾರದ ಕಾರು. ತಯಾರಾದ ತಿಂಗಳು ಮತ್ತು ವರ್ಷ ಅದೇ ಆರ್.ಸಿ.ಯಲ್ಲಿ ಬೇರೆಯಾಗಿ ಮುದ್ರಿತವಾಗಿತ್ತು. ನಾನು ಅದರ ಕಡೆ ಕಣ್ಣೇ ಹಾಯಿಸಿರಲಿಲ್ಲ. ಅಂಗಡಿಯವರು ಕೊಟ್ಟದ್ದು ಹೊಸ ಆಕಾರದ 2011ರ ಬಾಗಿಲು. ಅವರು ಸುಳ್ಳು ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಬಾಗಿಲು ಮಾತ್ರ ಮೇಲ್ಗಡೆ ಕೂರಿಸಿದರೆ ಕೆಳಗಡೆ ಹೊರಬರುತ್ತಿತ್ತು. ಅಷ್ಟರಲ್ಲಿ ಮೇಸ್ತ್ರಿಯ ಹುಡುಗ ವೈರಿಂಗ್ ಕತ್ತರಿಸಿಯಾಗಿದ್ದರಿಂದ ಅಂಗಡಿಯವರು ಅದನ್ನು ವಾಪಸು ಪಡೆಯಲಿಲ್ಲ.

ಬಾಗಿಲು ಕೂತಿದ್ದರೂ ಬಣ್ಣ ಸೇರುತ್ತಿರಲಿಲ್ಲ ಎಂಬುದು ಬಿಸಿಲಿನಲ್ಲಿ ಫೆಂಡರಿನ (ಮುಂದಿನ ಚಕ್ರದ ಮೇಲಿನ ತಗಡಿನ) ಪಕ್ಕ ಹಿಡಿದಾಗ ಗೊತ್ತಾಯಿತು. ಮಾರುತಿಯಲ್ಲಿ ಸುಪೀರಿಯರ್ ವೈಟ್ ಬೇರೆ, ಹೊಳಪಿನ ಪದರವಿರುವ ಪರ್ಲ್ ಆರ್ಕ್ಟಿಕ್ ವೈಟ್ ಬೇರೆ. ಒಂದೇ ಬಿಳಿಯಾದರೂ ರಸ್ತೆ ಬದಿಯಲ್ಲಿ ನಿಲ್ಲುವ ಕಾರು ಹಳದಿಗೆ ತಿರುಗಿರುತ್ತದೆ, ಷೆಡ್ಡಿನಲ್ಲಿ ನಿಲ್ಲುವ ಕಾರು ತಿರುಗಿರುವುದಿಲ್ಲ. ಕೊನೆಗೆ ನಾನು ಹಾಕಿಸಿದ್ದು ಒಂದು ಕೆಂಪು ಬಾಗಿಲನ್ನು. ಅದಕ್ಕೆ ಬಿಳಿ ಹೊಡೆಸಿ, ಫೆಂಡರಿನ ಮೇಲೂ ಸ್ವಲ್ಪ ಎಳೆಸಿದ ಮೇಲೆ ಯಾರಿಗೂ ವ್ಯತ್ಯಾಸ ಕಾಣಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪೇಂಟಿಂಗ್ ಖರ್ಚು ಇದ್ದೇ ಇದೆ ಎಂದು ಎತ್ತಿಟ್ಟು, ಬಣ್ಣ ಯಾವುದಾದರೂ ಆಗಲಿ, ನೆಟ್ಟಗಿರುವ ತಗಡನ್ನು ಹುಡುಕಿ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲಿನುದ್ದಕ್ಕೂ ಆಡಿಸಿ. ಎಲ್ಲಿ ಅದು ಹಿಡಿತ ಬಿಡುತ್ತದೋ ಅಲ್ಲಿ ಬಣ್ಣದ ಒಳಗೆ ಪುಟ್ಟಿ, ಅಂದರೆ ತಗ್ಗು ಮುಚ್ಚಲು ಮೆತ್ತಿದ ಲೇಪ ಇದೆ. ಕೆಳ ಅಂಚಿನ ಮಡಿಕೆಯನ್ನೂ ನೀರು ಇಳಿದುಹೋಗುವ ತೂತುಗಳನ್ನೂ ಬೆರಳಿನಿಂದ ಮುಟ್ಟಿ ನೋಡಿ. ಕಡಲ ತೀರದ ಮಂಗಳೂರು, ಉಡುಪಿ ಕಡೆ ಓಡಿದ ಗಾಡಿಯ ಬಾಗಿಲು ಹೊರಗೆ ಎಷ್ಟೇ ಹೊಳೆಯುತ್ತಿರಲಿ, ತುಕ್ಕು ಅಲ್ಲಿಂದಲೇ ಆರಂಭವಾಗಿರುತ್ತದೆ. ಕಾರನ್ನೇ ಅಂಗಡಿಯ ಹತ್ತಿರ ಒಯ್ಯಲು ಸಾಧ್ಯವಾದರೆ ಒಯ್ದು, ಹಳೆಯ ಬಾಗಿಲಿನ ಪಕ್ಕ ಹಿಡಿದು ಹಿಂಜ್, ಲಾಕ್, ಕನ್ನಡಿಯ ತೂತುಗಳನ್ನು ಹೋಲಿಸಿ. ಪೇಂಟಿಗೆ ಮುಂಚೆ ಒಮ್ಮೆ ಬರಿಯ ಬಾಗಿಲನ್ನು ಕೂರಿಸಿ ನೋಡಲೇಬೇಕು, ಅಲ್ಲಿಯವರೆಗೆ ಒಂದು ವೈರನ್ನೂ ಕತ್ತರಿಸಲು ಬಿಡಬೇಡಿ. ಬಿಲ್ ಕೊಡದ ಅಂಗಡಿಯಲ್ಲಿ ವ್ಯವಹಾರವೇ ಬೇಡ. ಕದ್ದ ಗಾಡಿಯ ಭಾಗವೋ ಏನೋ ಎಂಬ ಅನುಮಾನ ನಿಮಗೇಕೆ?

ನಿಮ್ಮ ವಿಮೆ ಕಾಂಪ್ರಹೆನ್ಸಿವ್ (ಸ್ವಂತ ಕಾರಿನ ಹಾನಿಗೂ ಹಣ ಕೊಡುವಂಥದ್ದು) ಆಗಿದ್ದರೆ ಮೊದಲು ಪಾಲಿಸಿ ತೆಗೆದು ನೋಡಿ. ಐದರಿಂದ ಹತ್ತು ವರ್ಷದ ಕಾರಿನ ಲೋಹದ ಭಾಗಗಳಿಗೆ ಸವಕಳಿಯೆಂದು ಶೇ. 40ನ್ನು, ಹತ್ತು ವರ್ಷ ದಾಟಿದ್ದರೆ ಶೇ. 50ನ್ನು ಕಡಿತ ಮಾಡುತ್ತಾರೆ, ಕ್ಲೈಮ್ ಮಾಡದ ವರ್ಷಗಳಿಗಾಗಿ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯಾದ ನೋ ಕ್ಲೈಮ್ ಬೋನಸ್ಸೂ ಹೋಗುತ್ತದೆ. ಹಳೆಯ ಕಾರಿನ ಒಂದು ಬಾಗಿಲಿಗಾಗಿ ಕ್ಲೈಮ್ ಮಾಡುವುದು ಬಹುತೇಕ ನಷ್ಟದ ಬಾಬತ್ತೆಂದೇ ನನ್ನ ಅಭಿಪ್ರಾಯ.

ಇನ್ನೊಂದು ಮಾತು. ನೀವು ಕೇಳಿರುವುದು ಬಾಗಿಲಾದ್ದರಿಂದ ಹಳೆಯದನ್ನು ಕೊಳ್ಳುವುದು ಸರಿ. ಗಾಜು, ಮೋಟಾರು, ಲಾಕ್ ಸಮೇತ ಸಿಗುವುದರಲ್ಲಿ ಅರ್ಥವಿದೆ. ಫೆಂಡರ್ ಆಗಿದ್ದರೆ ನಾಲ್ಕಾರು ಬೋಲ್ಟ್ ಬಿಚ್ಚಿ ಹಾಕುವ ತೆಳುತಗಡು ಅದು, ಬೆಂಗಳೂರಿನಲ್ಲಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಹೊಸದನ್ನೇ ತನ್ನಿ ಎನ್ನುತ್ತಿದ್ದೆ. ತಂದ ಬಾಗಿಲಿನಲ್ಲಿ ಕೀ ಹಾಕುವ ಲಾಕ್ ಇದ್ದರೆ ಅದನ್ನು ತೆಗೆಸಿ ನಿಮ್ಮ ಹಳೆಯ ಬಾಗಿಲಿನದನ್ನೇ ಕೂರಿಸಲು ಮೇಸ್ತ್ರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಒಂದೇ ಕಾರಿಗೆ ಎರಡು ಕೀ ಇಟ್ಟುಕೊಂಡು ಓಡಾಡಬೇಕಾಗುತ್ತದೆ.