ಕತ್ತಿಗೆ ಹೆಸರು ಎಲ್ಲಿಂದ ಬರಬೇಕು?

ಓದುಗರ ಪತ್ರ: ಕಾಲ್ಪನಿಕ ಲೋಕದ ಕಾದಂಬರಿ ಬರೆಯುತ್ತಿದ್ದೇನೆ. ಬೆಟ್ಟದ ಕುರಿಗಾಹಿಗಳ ಕಥೆ. ಅವರ ಭಾಷೆಗೆ ಯುದ್ಧದ 60 ಪದ ಕಟ್ಟಿದ್ದೇನೆ. ಕತ್ತಿಗೆ ‘ಘ್ರಾಝ್’, ಕಾಳಗಕ್ಕೆ ‘ಝೋರ್ಖ್’, ಹೀಗೆ. ಓದಿದ ಗೆಳೆಯರು ಒಂದೂ ನೆನಪಿನಲ್ಲಿ ಉಳಿಯಲಿಲ್ಲ ಅಂದರು. ಇನ್ನೂ ಗಡುಸಾಗಿ ಮಾಡಬೇಕಾ?

ಸಂಪಾದಕರ ಉತ್ತರ: ಬೇಡ. ಗಡುಸು ಈಗಲೇ ಜಾಸ್ತಿ ಆಗಿದೆ. ನಿಮ್ಮ ಪಟ್ಟಿಯನ್ನು ಎರಡು ಸಲ ಜೋರಾಗಿ ಓದಿದೆ. ಒಂದು ಪದಕ್ಕೂ ಇನ್ನೊಂದಕ್ಕೂ ನಂಟೇ ಇಲ್ಲ. ಅರವತ್ತೂ ಒಂಟಿ ಪದಗಳು. ಮನಸ್ಸಿನಲ್ಲಿ ನಿಲ್ಲದಿರುವುದು ಅದಕ್ಕೇ.

‘ದ ಲಾರ್ಡ್ ಆಫ್ ದ ರಿಂಗ್ಸ್’ ಬರೆದ ಟೋಲ್ಕಿನ್ ಅವರು ತಮ್ಮ ಕಥೆಗಳ ಎಲ್ಫ್ ಅನ್ನುವ ಜನಾಂಗಕ್ಕಾಗಿ ಕಟ್ಟಿದ ಸಿಂದಾರಿನ್ ಭಾಷೆಯನ್ನು ನೋಡಿ. ‘ದಗೋರ್’ ಅಂದರೆ ಕಾಳಗ. ‘ದಗೋರ್‌ಲಾದ್’ ಕಾಳಗದ ಬಯಲು. ಕೊಂದವನು ‘ದಗ್ನಿರ್’. ನಮ್ಮ ಕೊಲ್ಲು, ಕೊಲೆ, ಕೊಲೆಗಾರದ ಹಾಗೆ ಒಂದೇ ಬೇರಿನ ಪದಗಳು.

ನನಗೆ ತುಂಬಾ ಇಷ್ಟವಾದದ್ದು ‘ರಿಸ್’, ಅಂದರೆ ಸೀಳು. ಓರ್ಕ್‌ಗಳನ್ನು, ಅಂದರೆ ಆ ಕಥೆಗಳ ಕ್ರೂರ ಜೀವಿಗಳನ್ನು, ಸೀಳುವ ಕತ್ತಿ ‘ಓರ್ಕ್ರಿಸ್ಟ್’. ಕಬ್ಬಿಣದ ಕಿರೀಟವನ್ನೇ ಕತ್ತರಿಸಿದ ಚಾಕು ‘ಆಂಗ್ರಿಸ್ಟ್’; ‘ಆಂಗ್’ ಅಂದರೆ ಕಬ್ಬಿಣ. ಇದೇ ‘ರಿಸ್’ ‘ಇಮ್ಲಾದ್ರಿಸ್’ ಅನ್ನುವ ಜಾಗದ ಹೆಸರಿನಲ್ಲೂ ಇದೆ. ಅದು ನೆಲ ಸೀಳಿದಂಥ ಆಳದ ಕಣಿವೆ, ದಣಿದು ಬಂದವರಿಗೆ ಊಟ, ಹಾಸಿಗೆ ಸಿಗುವ ತಾಣ. ಕತ್ತಿಗೂ ಕಣಿವೆಗೂ ಒಂದೇ ಪದ! ಅದು ಸುಮ್ನೆ ಯುದ್ಧಕ್ಕೆ ಅಂತ ಹುಟ್ಟಿಸಿದ್ದಲ್ಲ, ಜನರ ಬಾಯಲ್ಲಿ ಮೊದಲಿಂದಲೂ ಇದ್ದದ್ದು ಅನ್ನಿಸುತ್ತದೆ, ಅಲ್ವಾ?

ಇನ್ನು ಯುದ್ಧಗಳ ಹೆಸರು. ಟೋಲ್ಕಿನ್ ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ, ಫ್ರಾನ್ಸಿನ ಸೊಮ್ ಕದನದಲ್ಲಿ ಸಿಗ್ನಲ್ ಅಧಿಕಾರಿಯಾಗಿದ್ದರು. ಕಂದಕದ ಜ್ವರ ಹತ್ತಿ ಇಂಗ್ಲೆಂಡಿಗೆ ಮರಳಿದರು. ಅವರ ಲೋಕದ ಒಂದು ಭಾರಿ ಸೋಲಿನ ಹೆಸರು ‘ನಿರ್ನಾಯ್ತ್ ಅರ್ನೊಯ್ದಿಯಾದ್’. ಎಣಿಸಲಾಗದ ಕಣ್ಣೀರು ಅಂತ ಅರ್ಥ. ಆ ಹೆಸರಿನಲ್ಲಿ ಕತ್ತಿಯಿಲ್ಲ, ರಾಜನಿಲ್ಲ. ಅತ್ತವರು ಇಟ್ಟ ಹೆಸರು ಅದು.

ಇದನ್ನು ಓದುವಾಗಲೆಲ್ಲ ನನಗೆ ನಮ್ಮ ವೀರಗಲ್ಲುಗಳು ನೆನಪಾಗುತ್ತವೆ. ಅಲ್ಲಿ ‘ತುರುಗೋಳ್’ ಅಂತ ಬರುತ್ತದೆ. ತುರು ಅಂದರೆ ದನ. ದನ ಹೊಡೆದುಕೊಂಡು ಹೋಗುವುದು. ‘ಊರಳಿವು’ ಅಂತ ಬರುತ್ತದೆ. ‘ಪೆಣ್ಬುಯ್ಯಲ್’ ಅಂತಲೂ ಬರುತ್ತದೆ, ಅಂದರೆ ಹೆಣ್ಣುಮಕ್ಕಳ ಗೋಳಿನ ಕೂಗು. ಅದನ್ನು ಕೇಳಿ ನೆರವಿಗೆ ಓಡಿದವನು ಹೊಡೆದಾಡಿ ಸತ್ತ, ಊರವರು ಕಲ್ಲು ನೆಟ್ಟರು. ದನ, ಊರು, ಹೆಣ್ಣು, ಕೂಗು. ಎಲ್ಲವೂ ಮನೆಯ ಮಾತೇ. ಒಂದರಲ್ಲೂ ಝಕಾರವಿಲ್ಲ. ಆದರೂ ಓದಿದರೆ ಮೈ ಜುಮ್ಮೆನ್ನುತ್ತದೆ.

ಹಾಗಾಗಿ ಆ ಅರವತ್ತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಹತ್ತು ಬೇರು ಸಾಕು. ನಿಮ್ಮ ಕುರಿಗಾಹಿಗಳು ಉಣ್ಣೆ ಕತ್ತರಿಸುವುದಕ್ಕೆ ಏನಂತಾರೆ? ಕತ್ತಿಯ ಹೆಸರು ಅಲ್ಲಿಂದ ಬರಲಿ. ರಾತ್ರಿ ಮಂದೆಗೆ ತೋಳ ನುಗ್ಗಿದರೆ ಏನಂತ ಕೂಗುತ್ತಾರೆ? ಯುದ್ಧದಲ್ಲೂ ಅದನ್ನೇ ಕೂಗಲಿ. ‘ಝೋರ್ಖ್’ ಗೆದ್ದವರು ಇಟ್ಟ ಹೆಸರೋ, ಸೋತವರು ಇಟ್ಟದ್ದೋ? ಎರಡೂ ಕಡೆಯವರು ಅದನ್ನು ಒಂದೇ ಹೆಸರಿನಿಂದ ಕರೆಯಲಾರರು. ಎರಡನ್ನೂ ಯೋಚಿಸಿ, ಹೊಸ ಪಟ್ಟಿ ಕಳಿಸಿ. ಕಾಯುತ್ತಿರುತ್ತೇನೆ.