ಕಂಪನಿ ಕೆಲಸ ಸಿಕ್ಕಿದೆ, ಕೋರ್ಟಿಗೂ ಹೋಗಬಹುದಾ?

ಪ್ರಶ್ನೆ: ಹಾಸನದಲ್ಲಿ ಸೀನಿಯರ್ ಒಬ್ಬರ ಬಳಿ ಜೂನಿಯರ್ ವಕೀಲೆ ಆಗಿದ್ದೇನೆ. ಮುಂದಿನ ತಿಂಗಳು ಚಿಕ್ಕಮಗಳೂರಿನ ಕಾಫಿ ಕಂಪನಿಯೊಂದರಲ್ಲಿ ಲೀಗಲ್ ಆಫೀಸರ್ ಆಗಿ ಸೇರುತ್ತಿದ್ದೇನೆ. ರಜೆ ಹಾಕಿ ಆಗಾಗ ಕೋರ್ಟಿಗೂ ಹೋಗಬಹುದಾ? ಸಿವಿಲ್ ಜಡ್ಜ್ ಪರೀಕ್ಷೆ ಬರೆಯುವ ಆಸೆಯೂ ಇದೆ.
– ಓದುಗಿ, ಹಾಸನ

ಉತ್ತರ: ಅಭಿನಂದನೆ! ಆದರೆ ಎರಡೂ ಒಟ್ಟಿಗೆ ಆಗುವುದಿಲ್ಲ. ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದ ವಕೀಲರು ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಿ ಪ್ರಾಕ್ಟೀಸ್ ನಿಲ್ಲಿಸಬೇಕು. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 49ನೇ ನಿಯಮ ಹೇಳುವುದು ಇದನ್ನೇ.

ನನಗೆ ಜಾಸ್ತಿ ಚಿಂತೆ ನಿಮ್ಮ ಪರೀಕ್ಷೆಯದ್ದು. ಅದಕ್ಕೆ 3 ವರ್ಷ ವಕೀಲಿಕೆ ಬೇಕು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ವಕೀಲರ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿಯಾದ ದಿನದಿಂದಲೇ ಲೆಕ್ಕ ಹಿಡಿಯಬಹುದು ಎಂದೂ ಹೇಳಿತು. ಪ್ರಾಕ್ಟೀಸ್ ನಿಲ್ಲಿಸಿದ ದಿನಗಳನ್ನು ಇದಕ್ಕೆ ಸೇರಿಸಲು ಬರುವುದಿಲ್ಲ. ಜಡ್ಜ್ ಆಗುವುದೇ ಗುರಿಯಾದರೆ, ಆ 3 ವರ್ಷ ಮುಗಿಸಿಯೇ ಕಂಪನಿಗೆ ಹೋಗಿ ಎನ್ನುತ್ತೇನೆ. ಮನೆಗೆ ಈಗಲೇ ದುಡ್ಡು ಬೇಕಿದ್ದರೆ ಖಂಡಿತ ಸೇರಿ. ಇದುವರೆಗಿನ ವಕೀಲಿಕೆಗೆ ಪುರಾವೆಯಾಗಿ, ನಿಮ್ಮ ಹಾಜರಿ ದಾಖಲಾದ ಆರ್ಡರ್ ಶೀಟ್‌ಗಳ (ಕೇಸಿನಲ್ಲಿ ಆಯಾ ದಿನ ನಡೆದದ್ದನ್ನು ಕೋರ್ಟ್ ಬರೆದಿಡುವ ಹಾಳೆಗಳ) ಪ್ರತಿ ಮಾತ್ರ ಈಗಲೇ ತೆಗೆದಿಡಿ.

ಇನ್ನೊಂದು ಮಾತು. ನೀವು ನೋಡುತ್ತಿದ್ದ ಪ್ರತಿ ಫೈಲಿನ ಮೇಲೂ ಮುಂದಿನ ದಿನಾಂಕ, ಕೇಸು ಯಾವ ಹಂತದಲ್ಲಿದೆ, ಕಕ್ಷಿದಾರರ ಫೋನ್ ನಂಬರ್ ಬರೆದು ಸೀನಿಯರ್‌ಗೆ ಒಪ್ಪಿಸಿ. ಸಕಲೇಶಪುರದಿಂದ ಬೆಳಗಿನ ಬಸ್ಸಿಗೆ ಬರುವವರು ಸುಮ್ನೆ ಅಲೆಯಬಾರದು, ಅಲ್ವಾ?