ಹಸಿರು ದೀಪ ಬಂದರೂ ಬ್ಯಾಟರಿ ತುಂಬಿಲ್ಲ

ಪ್ರಶ್ನೆ: ನಮ್ಮದು ಮಲ್ಪೆಯ ಸಣ್ಣ ಬೋಟು. ಕ್ಯಾಬಿನ್ ಮೇಲೆ 100 ವ್ಯಾಟ್ ಸೋಲಾರ್ ಪ್ಯಾನೆಲ್, ಒಳಗೆ ಪಿಡಬ್ಲ್ಯುಎಂ ಕಂಟ್ರೋಲರ್ (ಬ್ಯಾಟರಿಯ ಚಾರ್ಜ್ ನೋಡಿಕೊಳ್ಳುವ ಸಾದಾ ಬಗೆಯ ಪೆಟ್ಟಿಗೆ), ಅಲ್ಲಿಂದ 4 ಮೀಟರ್ ದೂರದಲ್ಲಿ ಎಂಜಿನ್ ಪಕ್ಕ 100 ಎಎಚ್ (ಆಂಪ್-ಗಂಟೆ) ಟ್ಯೂಬುಲರ್ ಬ್ಯಾಟರಿ. ವಯರು 1.5 ಸ್ಕ್ವೇರ್ ಎಂಎಂ. ಮಧ್ಯಾಹ್ನಕ್ಕೇ ಕಂಟ್ರೋಲರಿನ ಹಸಿರು ದೀಪ ಬರುತ್ತದೆ, ಆದರೆ ರಾತ್ರಿ 2 ಗಂಟೆಗೆ ಜಿಪಿಎಸ್ ಆರುತ್ತದೆ. ಬ್ಯಾಟರಿಗೆ ಇನ್ನೂ ವರ್ಷ ತುಂಬಿಲ್ಲ. ಲಿಥಿಯಂ ಹಾಕಬೇಕೇ?

ಉತ್ತರ: ಸದ್ಯಕ್ಕೆ ಬೇಡ. ಮೊದಲು ಆ ಹಸಿರು ದೀಪವನ್ನು ನಂಬುವುದು ಬಿಡಿ. ಕಂಟ್ರೋಲರಿನ ಟರ್ಮಿನಲ್‌ನಲ್ಲಿ 14.4 ವೋಲ್ಟ್ ಮುಟ್ಟಿತು ಎಂಬುದಷ್ಟೇ ಅದಕ್ಕೆ ಗೊತ್ತು. ನಡುಮಧ್ಯಾಹ್ನ ಐದೂವರೆ ಆಂಪ್ ಹರಿಯುವಾಗ ನಿಮ್ಮ ವಯರಿನಲ್ಲಿ, ಹೋಗಿಬರುವ 8 ಮೀಟರಿನಲ್ಲಿ, ಅರ್ಧ ವೋಲ್ಟ್ ಸೋರುತ್ತದೆ. ಕಂಟ್ರೋಲರಿಗೆ 14.4 ಕಂಡಾಗ ಬ್ಯಾಟರಿಗೆ ಸಿಕ್ಕಿರುವುದು 13.9. ತುಂಬಿತೆಂದುಕೊಂಡು ಅದು ಕರೆಂಟು ತಗ್ಗಿಸುತ್ತದೆ. ಉಳಿದದ್ದು ತುಂಬುವ ಮೊದಲೇ ಹೊತ್ತು ಮುಳುಗುತ್ತದೆ.

ಪರೀಕ್ಷೆ ಸುಲಭ. ಬಿಸಿಲಿರುವಾಗ ಮಲ್ಟಿಮೀಟರನ್ನು ಕಂಟ್ರೋಲರಿನ ಬ್ಯಾಟರಿ ಟರ್ಮಿನಲ್‌ಗೆ ಹಿಡಿಯಿರಿ, ಕೂಡಲೇ ಬ್ಯಾಟರಿಯ ಕಂಬಕ್ಕೂ ಹಿಡಿಯಿರಿ. ವ್ಯತ್ಯಾಸ 0.2 ವೋಲ್ಟ್ ದಾಟಿದರೆ 6 ಸ್ಕ್ವೇರ್ ಎಂಎಂ ವಯರು ಎಳೆಯಿರಿ, ಇಲ್ಲವೇ ಕಂಟ್ರೋಲರನ್ನೇ ಬ್ಯಾಟರಿಯ ಹತ್ತಿರ ತನ್ನಿ (ಬ್ಯಾಟರಿಯ ಮೇಲೆ ಬೇಡ, ಅಲ್ಲಿ ಗ್ಯಾಸ್ ಏಳುತ್ತದೆ). ಲಗ್ಗಿನ (ವಯರಿನ ತುದಿಗೆ ಒತ್ತಿಸುವ ಲೋಹದ ಕೊಂಡಿ) ಬುಡದಲ್ಲಿ ಹಸಿರು ಕಿಲುಬು ಕಂಡರೆ ಉಜ್ಜಿ ಸುಮ್ಮನಾಗಬೇಡಿ. ಪ್ಲಾಸ್ಟಿಕ್ ಸುಲಿದು ನೋಡಿ: ಉಪ್ಪುನೀರು ಒಳಗೆ ಏರಿದ್ದರೆ ತಾಮ್ರದ ಎಳೆಗಳು ಕಪ್ಪಾಗಿರುತ್ತವೆ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ಲಗ್ ಒತ್ತಿಸಿ, ಮೇಲೆ ವ್ಯಾಸಲಿನ್ ಸವರಿ. ಪ್ಲಸ್ ಕಂಬದಿಂದ ಗೇಣು ದೂರದೊಳಗೆ 15 ಆಂಪ್ ಫ್ಯೂಸ್ ಇರಲಿ.

ಇನ್ನು ಲೆಕ್ಕ. ಜಿಪಿಎಸ್ ಮತ್ತು ಫಿಶ್ ಫೈಂಡರ್ ಸೇರಿ 1 ಆಂಪ್ ಎಂದರೂ 12 ಗಂಟೆಗೆ 12 ಎಎಚ್, 5 ವ್ಯಾಟಿನ ನಾಲ್ಕು ಎಲ್‌ಇಡಿ ರಾತ್ರಿಯಿಡೀ ಉರಿದರೆ 18, ವಯರ್‌ಲೆಸ್‌ಗೆ 5. ಒಟ್ಟು 35. ಮಟ್ಟಸವಾಗಿ ಮಲಗಿಸಿದ 100 ವ್ಯಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲೂ ದಿನಕ್ಕೆ 25 ಎಎಚ್ ಕೊಟ್ಟರೆ ದೊಡ್ಡದು. ದಿನಾ 10 ಎಎಚ್ ಸಾಲ! ಹೀಗೆ ಅರೆಹೊಟ್ಟೆಯಲ್ಲಿ ಬಿದ್ದಿರುವ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಬ್ಯಾಟರಿ ವರ್ಷದೊಳಗೇ ಮುದಿಯಾಗುತ್ತದೆ. ಅಂಥದೇ ಇನ್ನೊಂದು 100 ವ್ಯಾಟ್ ಪ್ಯಾನೆಲನ್ನು ಪ್ಯಾರಲಲ್ ಆಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಸೇರಿಸಿ, ಆಂಟೆನಾ ಕಂಬದ ಎರಡು ಬದಿಗೆ ಒಂದೊಂದು, ಒಂದಕ್ಕೆ ಕಂಬದ ನೆರಳು ಬಿದ್ದರೂ ಇನ್ನೊಂದು ಬಿಸಿಲಿನಲ್ಲಿರಲಿ. ಕಂಟ್ರೋಲರ್ 15 ಆಂಪಿನದಾದರೂ ಆಗಿರಬೇಕು. ಪ್ಯಾನೆಲಿನ ಒಂದೇ ಒಂದು ಸೆಲ್ಲಿನ (ಚೌಕದ) ಅರ್ಧಕ್ಕೆ ಕಂಬದ ನೆರಳು ಬಿದ್ದರೂ ಆ ಪ್ಯಾನೆಲಿನ ಕರೆಂಟು ಸುಮಾರು ಅರ್ಧಕ್ಕಿಳಿಯುತ್ತದೆ. ಅಗ್ಗಕ್ಕೆ ಸಿಗುತ್ತದೆಂದು ಮನೆಮಾಡಿನ 300 ವ್ಯಾಟ್ ಪ್ಯಾನೆಲ್ ತಂದರೆ ಎಂಪಿಪಿಟಿ ಕಂಟ್ರೋಲರೂ (ಪ್ಯಾನೆಲಿನ ಹೆಚ್ಚಿನ ವೋಲ್ಟನ್ನು ಇಳಿಸಿ ಕರೆಂಟು ಹೆಚ್ಚಿಸಿ ಕೊಡುವ ಬಗೆ) ಬೇಕು. ಪಿಡಬ್ಲ್ಯುಎಂನಲ್ಲಿ ಅದರ ಅರ್ಧ ಶಕ್ತಿ ದಂಡ.

ಎಲ್ಲ ಆರಿಸಿ ಮೂರು ನಾಲ್ಕು ಗಂಟೆ ಬಿಟ್ಟು ಅಳೆದಾಗ 12.7 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2 ಎಂದರೆ ಅರ್ಧ. ಅದಕ್ಕಿಂತ ಕೆಳಗಿಳಿಸಬೇಡಿ.

ಪ್ರಶ್ನೆ: ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ ಬೋಟು ಟಾರ್ಪಾಲಿನಡಿ ಇರುತ್ತದೆ. ಮೇನ್ ಸ್ವಿಚ್ ಆರಿಸಿದರೂ ಬ್ಯಾಟರಿ ಸಾಯುವುದೇಕೆ? (ಗಂಗೊಳ್ಳಿ)

ಉತ್ತರ: ಸ್ವಿಚ್ಚಿಗೆ ಮೊದಲೇ ಕೊಂಡಿಯಾದವು ಕುಡಿಯುತ್ತಲೇ ಇರುತ್ತವೆ: ಕಂಟ್ರೋಲರ್, ಅಲಾರಂ, ಸ್ಟೀರಿಯೊದ ಗಡಿಯಾರ. ಎಲ್ಲ ಸೇರಿ 50 ಮಿಲಿಆಂಪ್ ಆದರೂ 61 ದಿನಕ್ಕೆ 73 ಎಎಚ್. ಮೊದಲು ಪ್ಯಾನೆಲ್ ವಯರು ಕಳಚಿ, ಆಮೇಲೆ ಬ್ಯಾಟರಿಯ ಮೈನಸ್. ಮರುಜೋಡಣೆಯಲ್ಲಿ ಬ್ಯಾಟರಿ ಮೊದಲು. ಸಾಧ್ಯವಾದರೆ ಮನೆಗೆ ಒಯ್ದು, ಗಾಳಿಯಾಡುವ ಜಾಗದಲ್ಲಿಟ್ಟು ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿ. ಡಿಸ್ಟಿಲ್ಡ್ ವಾಟರ್ ಹಾಕುವುದು ಚಾರ್ಜ್ ಆದ ಮೇಲೆ. ಮೊದಲೇ ಹಾಕಿದರೆ ಆಸಿಡ್ ಉಕ್ಕಿ ಹೊರಬರುತ್ತದೆ.

ಪ್ರಶ್ನೆ: ಲಿಥಿಯಂ ಬ್ಯಾಟರಿಗೆ ಎಂಜಿನ್ನಿನ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟು ಮಾಡುವ ಯಂತ್ರ) ನೇರ ಕೊಡಬಹುದೇ? (ಕಾರವಾರ)

ಉತ್ತರ: ಕೊಡಬೇಡಿ. ಲಿಥಿಯಂ ಎಷ್ಟು ಕೊಟ್ಟರೂ ಎಳೆಯುತ್ತದೆ. ಐಡ್ಲಿಂಗ್‌ನಲ್ಲಿ ಆಲ್ಟರ್ನೇಟರ್ ಕಾದು ಸುಡಬಹುದು. ಬಿಎಂಎಸ್ (ಲಿಥಿಯಂ ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್) ತಟ್ಟನೆ ಸಂಪರ್ಕ ಕಡಿದರೆ ಆಲ್ಟರ್ನೇಟರಿನ ಡಯೋಡುಗಳು ಹೋಗುತ್ತವೆ. ಸ್ಟಾರ್ಟಿಂಗಿಗೆ ಹಳೆಯ ಸೀಸದ ಬ್ಯಾಟರಿಯೇ ಇರಲಿ, ಅದಕ್ಕೂ ಲಿಥಿಯಂಗೂ ನಡುವೆ, ಕರೆಂಟನ್ನು ಮಿತಿಯಲ್ಲಿಡುವ 20 ಆಂಪಿನ ಡಿಸಿ-ಡಿಸಿ ಚಾರ್ಜರ್ ಹಾಕಿಸಿ.